ಹನ್ನೆರಡೂವರೆಯ ಗೋಡೆ

ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ನೋಡುವುದು ಒಳಗೋಡೆಗಳನ್ನು. ಕಾಫಿ ಲೋಟ ಕೆಳಗಿಟ್ಟು, ಸುಮ್ಮನೆ ಮನೆ ನೋಡುವವರಂತೆ ಎದ್ದು, ಬೆರಳ ಗೆಣ್ಣಿನಿಂದ ಅಲ್ಲೊಂದು ಇಲ್ಲೊಂದು ಕಡೆ ತಟ್ಟುತ್ತಾರೆ. ಟೊಳ್ಳಾಗಿ ಸದ್ದು ಬಂದರೆ ಅವರ ಮುಖ ಅರಳುತ್ತದೆ. ಮಂಕಾಗಿ ಬಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಊರಿಗೆ ಹೋದಮೇಲೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸುತ್ತಾರೆ. ನಾನು ದ್ಯಾಮಕ್ಕ, ನನ್ನದು ಹಿಟ್ಟಿನ ಗಿರಣಿ. ಬೀಸಿಸಲು ಬಂದವರು ಸರದಿ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಹಾಗಾಗಿ ಯಾವ ಮನೆಯಲ್ಲಿ ಯಾವ ಗೋಡೆ ಎಂಬುದು ನನಗೆ ಬಾಯಿಪಾಠವಾಗಿದೆ.

ಒಂದು ಕೋಣೆಯಲ್ಲಿ ಯಾರಿಗಾದರೂ ಮೈ ನೊಂದರೆ ಆ ನೋವು ಒಳಗೋಡೆ ದಾಟಿ ಆಚೆ ಕೋಣೆಯಲ್ಲಿದ್ದವರಿಗೆ ಹೋಗುತ್ತದೆ. ಹೋದಷ್ಟು ಈಚೆಯವರಿಗೆ ಇಳಿಯುತ್ತದೆ. ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡರೆ ಏನೂ ಆಗುವುದಿಲ್ಲ, ನಡುವೆ ಗೋಡೆಯೇ ಬೇಕು, ಅದಕ್ಕೆ ಒರಗಿದರೆ ಇನ್ನೂ ಚೆನ್ನಾಗಿ ದಾಟುತ್ತದೆ. ಇಟ್ಟಿಗೆಯ ಹೊರಗೋಡೆ ಏನನ್ನೂ ಬಿಡುವುದಿಲ್ಲ, ಹಾಗಾಗಿ ಒಂದು ಮನೆಯ ನೋವು ಆ ಮನೆಯದೇ. ನಮ್ಮಜ್ಜಿಯ ಕಾಲದಲ್ಲಿ ಒಳಗೋಡೆಗಳನ್ನು ಬಿದಿರ ತಟ್ಟಿಗೆ ಮಣ್ಣು ಮೆತ್ತಿ ಮಾಡುತ್ತಿದ್ದರಂತೆ. ಈಗ ಕಬ್ಬಿಣದ ಚೌಕಟ್ಟಿಗೆ ಜಿಪ್ಸಮ್ ಬೋರ್ಡಿನ ಹಾಳೆ ಹೊಡೆಯುತ್ತಾರೆ. ಅಂಗಡಿಗೆ ಹೋಗಿ ಮಿಲಿಮೀಟರು ಎಂದು ಯಾರೂ ಹೇಳುವುದಿಲ್ಲ. ಆರು ಕೊಡಿ, ಒಂಬತ್ತೂವರೆ ಕೊಡಿ ಎಂದರೆ ಸಾಕು, ಅಂಗಡಿಯವನಿಗೆ ಮನೆಯ ಸಮಾಚಾರವೆಲ್ಲ ತಿಳಿದುಹೋಗುತ್ತದೆ.

ಆರು ಬಲು ತೆಳು, ಅದು ಹೆರಿಗೆಯ ಕೋಣೆಗೆ. ಒಳಗೆ ಸೊಸೆ ಹೆರುತ್ತಿದ್ದರೆ ಆಚೆ ಅತ್ತೆ, ನಾದಿನಿ, ಗಂಡ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಹಲ್ಲು ಕಚ್ಚಿ ಕೂತಿರುತ್ತಾರೆ. ನಮ್ಮೂರ ಗಂಡಸರು ಹೆರಿಗೆಯ ವಿಷಯದಲ್ಲಿ ತಮಾಷೆ ಮಾಡುವುದನ್ನು ನೀವು ಕೇಳಲಾರಿರಿ. ಒಂಬತ್ತೂವರೆ ಹೊಸದಾಗಿ ಮದುವೆಯಾದವರ ಹುರುಪಿನ ಗೋಡೆ, ನಾಲ್ಕು ವರ್ಷ ಕಳೆದಮೇಲೆ ಯಾರದೋ ಹಲ್ಲುನೋವಿಗೆ ಇಡೀ ಮನೆ ದವಡೆ ಹಿಡಿದುಕೊಂಡು ಕೂರುವುದು ಬೇಸರವಾಗಿ ಅದರ ಮೇಲೆ ಇನ್ನೊಂದು ಹಾಳೆ ಹೊಡೆಸುತ್ತಾರೆ. ಹನ್ನೆರಡೂವರೆ ಮರ್ಯಾದಸ್ಥರ ಗೋಡೆ, ಅರ್ಧ ಬಿಡುತ್ತದೆ, ಅರ್ಧ ಹಿಡಿಯುತ್ತದೆ. ಹದಿನೈದನ್ನು ಬಾಡಿಗೆಯವರ ನಡುವೆ ಹಾಕುತ್ತಾರೆ. ಅದನ್ನೇ ಎರಡು ಪದರ ಹೊಡೆಸಿದರೆ ಅಲ್ಲಿಗೆ ಆ ಅಣ್ಣತಮ್ಮಂದಿರು ಮುಖ ನೋಡುವುದು ಬಿಟ್ಟರು ಎಂದು ಅರ್ಥ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ನೋವಾದರೆ ಯಾರೂ ಕೂಗುವುದಿಲ್ಲ. ಮಗು ಬಿದ್ದು ಮಂಡಿ ತರಚಿಕೊಂಡು ಬಾಯಿ ತೆಗೆದರೆ ತಾಯಿ ಎತ್ತಿಕೊಳ್ಳುವುದಿಲ್ಲ, ಗೋಡೆಗೆ ಹೋಗು ಎನ್ನುತ್ತಾಳೆ. ಅದು ಕೋಣೆಗೆ ಹೋಗಿ ಗೋಡೆಗೆ ಒರಗಿ ಕೂರುತ್ತದೆ, ಆಚೆ ಅಡುಗೆ ಮಾಡುತ್ತಿದ್ದವಳ ಮಂಡಿ ಚುರ್ ಎನ್ನುತ್ತದೆ, ಆಗ ಬರುತ್ತಾಳೆ. ಕೂಗಿದ್ದಕ್ಕೆ ಎದ್ದು ಹೋದರೆ ಮಕ್ಕಳು ಸುಳ್ಳು ಕಲಿಯುತ್ತವೆ ಎಂಬುದು ನಮ್ಮವರ ಲೆಕ್ಕಾಚಾರ. ನಿಜವಾದ ನೋವಾದರೆ ತಾನಾಗಿ ಬಂದೇ ಬರುತ್ತದಲ್ಲ, ಬಾಯಿಗೆ ಯಾಕೆ ಕೆಲಸ? ದೊಡ್ಡವರಾದ ಮೇಲೂ ನರಳುವವರನ್ನು ಕಂಡರೆ ಊರಿನವರು ಮೂಗು ಮುರಿಯುತ್ತಾರೆ. ನಾನೂ ಮುರಿದವಳೇ.

ನನ್ನ ಗಿರಣಿಯ ಎದುರಿಗೇ ಕೊಟ್ರಮ್ಮನ ಮನೆ. ತಾಯಿ ಸತ್ತಾಗ ತಮ್ಮ ಹಾಲೇಶಿಗೆ ಇನ್ನೂ ಹಾಲುಹಲ್ಲು. ಕೊಟ್ರಮ್ಮ ರೊಟ್ಟಿ ತಟ್ಟಿ ಮನೆಮನೆಗೆ ಕೊಟ್ಟು ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ ಅವನೊಬ್ಬ ದಾರಿಗೆ ಬರಲಿ ಎನ್ನುತ್ತಿದ್ದಳು, ಅವನು ದಾರಿಗೆ ಬರುವಷ್ಟರಲ್ಲಿ ಕೇಳುವವರು ಇರಲಿಲ್ಲ. ಜೋಳದ ಹಿಟ್ಟಿಗೆ ದಿನವೂ ನನ್ನಲ್ಲಿಗೆ ಬರುತ್ತಿದ್ದವಳು, ಹಿಟ್ಟು ಕೈಯಲ್ಲಿ ಉಜ್ಜಿ ನೋಡಿ ನುಣ್ಣಗಾಗಿಲ್ಲವೆಂದು ನನ್ನ ಜೊತೆ ಜಗಳ ಆಡದೆ ಹೋದ ದಿನವಿಲ್ಲ. ಜಗಳವೇ ನಮ್ಮ ಸ್ನೇಹ. ಹಾಲೇಶಿ ಬಸ್ಸಿನ ಕಂಡಕ್ಟರ್ ಆದ, ಅನಸೂಯ ಎಂಬ ಹುಡುಗಿಯನ್ನು ಮದುವೆಯಾದ. ನಾದಿನಿ ಅತ್ತಿಗೆಯೆಂದರೆ ಎಣ್ಣೆ ಸೀಗೆಕಾಯಿ ಎಂದುಕೊಂಡು ಕೇರಿಯ ಹೆಂಗಸರು ಕಾದರು. ಏನೂ ಆಗಲಿಲ್ಲ. ಅನಸೂಯ ಅವಳನ್ನು ಅಕ್ಕ ಎಂದು ಕರೆದಳು, ಹಾಗೇ ನಡೆದುಕೊಂಡಳು.

ಆಮೇಲೆ ಕೊಟ್ರಮ್ಮನ ಸೊಂಟದ ಮೂಳೆಗೆ ಕಾಯಿಲೆ ಬಿತ್ತು. ಮೂಳೆ ಒಳಗೊಳಗೇ ಸವೆಯುತ್ತಿದೆ, ಮಾಡುವಂಥದ್ದು ಹೆಚ್ಚೇನಿಲ್ಲ ಎಂದರು ಆಸ್ಪತ್ರೆಯಲ್ಲಿ. ಆ ಮನೆಯಲ್ಲಿರುವುದು ಎರಡೇ ಕೋಣೆ, ಒಂದು ಅಡುಗೆಮನೆ. ಕೊಟ್ರಮ್ಮನ ಕೋಣೆಗೂ ಗಂಡಹೆಂಡಿರ ಕೋಣೆಗೂ ನಡುವೆ ಹಾಲೇಶಿಯ ಮದುವೆಯಲ್ಲಿ ಹಾಕಿಸಿದ ಒಂಬತ್ತೂವರೆ. ಮುಕ್ಕಾಲು ನೋವು ಆಚೆ ಹೋಗುತ್ತಿತ್ತು. ಹಾಲೇಶಿ ಬಸ್ಸಿನ ಮೇಲೆ ಊರೂರು ತಿರುಗುವವನು, ಮನೆಯಲ್ಲಿ ಇರುತ್ತಿದ್ದವಳು ಅನಸೂಯ. ಮಧ್ಯಾಹ್ನ ಕೆಲಸವೆಲ್ಲ ಮುಗಿಸಿ, ಅಕ್ಕ ಸ್ವಲ್ಪ ನಿದ್ದೆ ಮಾಡಲಿ ಎಂದು, ತಾನೇ ಹೋಗಿ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಿದ್ದಳು. ಎದ್ದು ಬರುವಾಗ ಮುದುಕಿಯಂತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬರುತ್ತಿದ್ದಳು. ಆ ವರ್ಷ ಅವಳಿಗೆ ನಿಂತ ಬಸಿರು ಮೂರನೇ ತಿಂಗಳಲ್ಲಿ ಇಳಿದುಹೋಯಿತು.

ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಆದರೆ ಕೇರಿಗೆ ಡಾಕ್ಟರಮ್ಮನ ಮಾತು ಬೇಕಿರಲಿಲ್ಲ. ಅಷ್ಟು ನೋವನ್ನು ಎಳೆಯ ಬಸಿರು ತಾಳೀತೇ, ಅಕ್ಕನ ನೋವು ಹೋಗಿ ಕೂಸನ್ನು ತಳ್ಳಿತು ಎಂದು ನನ್ನ ಗಿರಣಿಯಲ್ಲೇ ಕೂತು ಮಾತಾಡಿದರು. ಯಂತ್ರದ ಸದ್ದಿನಲ್ಲಿ ಕೇಳುವುದಿಲ್ಲ ಎಂದುಕೊಂಡಿದ್ದರೇನೋ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದ ಕೊಟ್ರಮ್ಮನಿಗೆ ಕೇಳಿಸಿತು. ಆ ದಿನ ಅವಳು ಹಿಟ್ಟು ಉಜ್ಜಿ ನೋಡದೆ ತೆಗೆದುಕೊಂಡು ಹೋದಳು.

ಮರುವರ್ಷ ಅನಸೂಯ ಮತ್ತೆ ಬಸಿರಾದಳು. ಅದೇ ಹೊತ್ತಿಗೆ ಬಚ್ಚಲಿನ ನೀರು ಒಸರಿ ಆ ಹಳೆಯ ಗೋಡೆ ಉಬ್ಬಿಕೊಂಡು, ಕೈ ಇಟ್ಟರೆ ಪುಡಿಯಾಗಿ ಉದುರತೊಡಗಿತು. ಹೊಸದು ಹಾಕಿಸಲೇಬೇಕು. ಎಷ್ಟರದು ಹಾಕಿಸುವುದು ಎಂಬ ಮಾತು ಮನೆಯಲ್ಲಿ ಎದ್ದಿತು, ಆ ಮಾತಿಗೆ ನಾನೂ ಸಾಕ್ಷಿ. ಕೊಟ್ರಮ್ಮ ಹದಿನೈದು ಎಂದಳು, ಅದೂ ಎರಡು ಪದರ. ಹಾಲೇಶಿ ತಲೆ ತಗ್ಗಿಸಿದ. ಸಾಕಿದ ಅಕ್ಕನಿಗೆ ಎರಡು ಪದರ ಹೊಡೆಸಿದ ಎಂದು ಊರು ಉಗಿಯುವುದು ಒಂದು ಕಡೆ, ಹೆಂಡತಿಯ ಹೊಟ್ಟೆ ಇನ್ನೊಂದು ಕಡೆ. ಪಾಪ, ಅವನು ನಡುವೆ ಸಿಕ್ಕಿಕೊಂಡು, ಹೆರಿಗೆಯಾಗುವವರೆಗೆ ಅನಸೂಯ ಅಡುಗೆಮನೆಯಲ್ಲಿ ಹಾಸಿಕೊಳ್ಳಲಿ ಎಂದ. ಅಡುಗೆಮನೆಯ ಸುತ್ತ ಇಟ್ಟಿಗೆ. ಕಾಯಿಲೆಯವರ ಗೋಡೆಯನ್ನು ಖಾಲಿ ಬಿಡುವುದೆಂದರೆ ನಮ್ಮಲ್ಲಿ ಬಾಯಿಗೆ ನೀರು ಬಿಡದೆ ಇದ್ದ ಹಾಗೆ. ಅನಸೂಯ ಒಪ್ಪಲಿಲ್ಲ.

"ಹನ್ನೆರಡೂವರೆ ಹಾಕ್ಸಿ," ಎಂದಳು ಗಂಡನಿಗೆ. ಆಮೇಲೆ ಕೊಟ್ರಮ್ಮನ ಕಡೆ ತಿರುಗಿ, "ಅರ್ಧ ನಿಮಗೆ, ಅರ್ಧ ನಮಗೆ ಅಕ್ಕ. ಅದಕ್ಕಿಂತ ದಪ್ಪ ಹಾಕಿದ್ರೆ ನಾನು ಈ ಮನ್ಯಾಗೆ ಇರಾಕಿಲ್ಲ," ಎಂದಳು.

ಆ ಹುಡುಗಿಯ ಮಾತು ಕೊಟ್ರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಗಿರಬೇಕು, ಅಷ್ಟೇ ಹೆದರಿಕೆಯನ್ನೂ ಹುಟ್ಟಿಸಿರಬೇಕು. ಬೋರ್ಡು ಹಾಕುವ ಮೌಲಸಾಬಿ ಬಂದು ಹಳೆಯದನ್ನು ಕಿತ್ತು ಹನ್ನೆರಡೂವರೆಯ ಹಾಳೆಗಳನ್ನು ನಿಲ್ಲಿಸಿದ. ಸಂದುಗಳಿಗೆ ಪಟ್ಟಿ ಅಂಟಿಸಿ ಪುಟ್ಟಿ ಎಳೆಯುವುದು ಬಾಕಿ ಇರುವಾಗ, ಅನಸೂಯಳ ತವರಿನವರು ಐದನೇ ತಿಂಗಳ ಕುಬುಸದ ಶಾಸ್ತ್ರಕ್ಕೆ ಕರೆದರು. ಗಂಡಹೆಂಡತಿ ಇಬ್ಬರೂ ಹೋದರು. ನಡೆಯಲಾರೆನೆಂದು ಕೊಟ್ರಮ್ಮ ಉಳಿದಳು.

ಅವರು ಅತ್ತ ಹೋದಮೇಲೆ ಅವಳು ಮೌಲಸಾಬಿಯನ್ನು ಕೂರಿಸಿಕೊಂಡು, ತಮ್ಮ ಹೇಳಿ ಹೋಗಿದ್ದಾನೆ ಎಂದು ಸುಳ್ಳು ಹೇಳಿ, ತನ್ನ ಮಗ್ಗುಲಿಗೆ ಹದಿನೈದರ ಎರಡು ಪದರವನ್ನು ಹೊಡೆಸಿದಳು. ಮೌಲಸಾಬಿಗೆ ಮನಸ್ಸಿರಲಿಲ್ಲ. ಕಾಯಿಲೆಯವರ ಗೋಡೆಗೆ ಹೀಗೆ ಮಾಡಿದರೆ ತನಗೆ ಒಳ್ಳೆಯದಾಗುವುದಿಲ್ಲ ಎಂದನಂತೆ. ಹುಟ್ಟುವ ಕೂಸಿನ ಸಲುವಾಗಿ ಎಂದಮೇಲೆ ಸುಮ್ಮನೆ ತಿರುಪು ಬಿಗಿದ. ಪುಟ್ಟಿ ಎಳೆದು ತಿಳಿಹಸಿರು ಬಣ್ಣ ಬಳಿದಮೇಲೆ ಯಾರಿಗೂ ಗುರುತು ಸಿಗಲಿಲ್ಲ. ಆ ಕೋಣೆ ಎರಡು ಬೆರಳಿನಷ್ಟು ಚಿಕ್ಕದಾಗಿತ್ತು, ಅಷ್ಟನ್ನು ಯಾರು ನೋಡುತ್ತಾರೆ? ನಾನು ಇದನ್ನೆಲ್ಲ ತಿಳಿದದ್ದು ಆಮೇಲೆ, ಅವಳ ಬಾಯಿಂದಲೇ.

ತವರಿನಿಂದ ಬಂದ ಅನಸೂಯ ಎಂದಿನಂತೆ ಗೋಡೆಗೆ ಬೆನ್ನು ಹಚ್ಚಿ ಮಲಗಿದಳು. ಸ್ವಲ್ಪ ಹೊತ್ತು ಕಾದಳು. ಏನೂ ಬರಲಿಲ್ಲ. ಎದ್ದು ಅಕ್ಕನ ಕೋಣೆಗೆ ಓಡಿ ಬಂದು ಏನಾಯಿತೆಂದು ಕೇಳಿದಳು. ನಾಟಿ ವೈದ್ಯರೊಬ್ಬರು ಬೇರಿನ ಎಣ್ಣೆ ಕೊಟ್ಟಿದ್ದಾರೆ, ನಾಲ್ಕು ದಿನದಿಂದ ಸೊಂಟ ಹೂವಿನಂತಿದೆ ಎಂದಳು ಕೊಟ್ರಮ್ಮ. ಹಾಲೇಶಿ ಬಂದು ಗೋಡೆಗೆ ಕೆನ್ನೆ ಇಟ್ಟು ನೋಡಿದ, ಅವನಿಗೂ ಏನೂ ಬರಲಿಲ್ಲ. ಅಕ್ಕನ ಮಾತನ್ನು ನಂಬದಿದ್ದರೂ ಗೋಡೆಯನ್ನು ನಂಬದೆ ಇರುವುದು ಹೇಗೆ? ಆ ಸಂಜೆ ಅವನು ಇಡೀ ಕೇರಿಗೆ ಮೈಸೂರುಪಾಕು ಹಂಚಿದ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ನಗು ಕೇಳಿಸುತ್ತಿತ್ತು. ಅನಸೂಯಳ ಮುಖಕ್ಕೆ ಕಳೆ ಬಂತು, ಹೊಟ್ಟೆ ತುಂಬಿಕೊಂಡಿತು. ಕೊಟ್ರಮ್ಮ ಸಾಯಂಕಾಲ ಜಗಲಿಗೆ ಬಂದು ಕೂರುತ್ತಿದ್ದಳು. ಒಂದು ಸಲವಂತೂ ಡಬ್ಬಿ ಹಿಡಿದು ಗಿರಣಿಯವರೆಗೆ ನಡೆದೇ ಬಂದಳು. ಹಿಟ್ಟು ಉಜ್ಜಿ, ನುಣ್ಣಗಾಗಿಲ್ಲ ಎಂದಳು. ನನಗೆ ಅಳು ಬರುವಷ್ಟು ಸಂತೋಷವಾಯಿತು, ಹಾಗಾಗಿ ಚೆನ್ನಾಗಿ ಬೈದೆ. ಕೇರಿಯ ಸೊಂಟನೋವಿನವರೆಲ್ಲ ಆ ಎಣ್ಣೆಯ ವೈದ್ಯನ ವಿಳಾಸ ಕೇಳಿದರು. ಆತ ಊರು ಬಿಟ್ಟು ಹೋದ ಎಂದಳು. ಇಷ್ಟೆಲ್ಲ ಮಾಡುವಾಗ ಅವಳ ಮೈಯೊಳಗೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಅನ್ನ ಇಳಿಯುವುದಿಲ್ಲ. ಬಾಗಿಲು ಹಾಕಿಕೊಂಡು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದಳಂತೆ. ಮೊದಲು ಕಾಲುಭಾಗ ಅನುಭವಿಸುತ್ತಿದ್ದವಳಿಗೆ ಈಗ ಅಷ್ಟೂ ಅವಳದೇ. ಕೂಸು ಹುಟ್ಟುವವರೆಗೆ ಒಂದಷ್ಟು ದಿನ ತಡೆದರೆ ಸಾಕು, ಆಮೇಲೆ ಬೇಕಾದರೆ ಗೋಡೆ ಒಡೆಸೋಣ ಎಂದುಕೊಂಡಿದ್ದಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂರುವಾಗ ಸೊಂಟ ಯಾವ ಲೆಕ್ಕ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಏಳನೇ ತಿಂಗಳು ನಡೆಯುತ್ತಿತ್ತು. ಒಂದು ಮಧ್ಯಾಹ್ನ ಹಾಲೇಶಿ ಡ್ಯೂಟಿಗೆ ಹೋಗಿದ್ದ. ಅನಸೂಯ ಅಕ್ಕನಿಗೆ ಊಟಕ್ಕೆ ಇಟ್ಟು, ಬೆನ್ನು ಹಿಡಿದುಕೊಂಡಿದೆ, ಒಂದು ಗಳಿಗೆ ಮಲಗುತ್ತೇನೆ ಎಂದು ತನ್ನ ಕೋಣೆಗೆ ಹೋದಳು. ಮಲಗಿದ ಸ್ವಲ್ಪ ಹೊತ್ತಿಗೆ ನೋವು ಕಿಬ್ಬೊಟ್ಟೆಗೆ ಇಳಿಯಿತು, ರಕ್ತ ಕಂಡಿತು. ನಮ್ಮ ಸೀಮೆಯ ಹೆಣ್ಣು ಅಂಥ ಹೊತ್ತಿನಲ್ಲಿ ಏನು ಮಾಡುತ್ತಾಳೋ ಅವಳೂ ಅದನ್ನೇ ಮಾಡಿದಳು. ಹೊರಳಿಕೊಂಡು ಹೋಗಿ ಗೋಡೆಗೆ ಬೆನ್ನು ಹಚ್ಚಿ, ಅಕ್ಕ ಬರುತ್ತಾಳೆಂದು ಕಾದಳು. ಅಕ್ಕನಿಗೆ ಈಗ ಹುಷಾರಾಗಿದೆ, ಎದ್ದು ಬರುತ್ತಾಳೆ. ನೋವು ಹೆಚ್ಚಿದಷ್ಟೂ ಗೋಡೆಯನ್ನು ಒತ್ತಿದಳು. ಕೂಗಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲವಂತೆ. ಹುಟ್ಟಿದಾಗಿನಿಂದ ಕಲಿಯದೆ ಇದ್ದದ್ದು ಆ ಗಳಿಗೆಯಲ್ಲಿ ಎಲ್ಲಿಂದ ಬರಬೇಕು? ಕೊನೆಕೊನೆಗೆ ತಡೆಯಲಾರದೆ ನರಳಿದ್ದಳು, ಅಷ್ಟೇ.

ಈಚೆ ಕೋಣೆಯಲ್ಲಿ ಕೊಟ್ರಮ್ಮ ಮಂಚದ ಮೇಲೆ ಸೆರಗು ಕಚ್ಚಿಕೊಂಡು ಕೂತಿದ್ದಳು. ಆ ಸಣ್ಣ ನರಳಿಕೆ ಅವಳಿಗೆ ಕೇಳಿಸಿತು. ಮಗ್ಗುಲು ಬದಲಿಸುವಾಗ ಬಸುರಿಯರು ಉಸ್ ಎನ್ನುವುದುಂಟು. ಒಂದು ಸಲ ಕಿವಿ ಕೊಟ್ಟು ಕೇಳಿದಳು. ತನ್ನ ಕಿಬ್ಬೊಟ್ಟೆಯಲ್ಲಿ ಏನೂ ಇರಲಿಲ್ಲ. ಮತ್ತೆ ತನ್ನ ಸೊಂಟದ ಕಡೆಗೆ ಗಮನ ಹೋಯಿತು. ಎರಡು ಪದರ ಹೊಡೆಸಿದವಳು ಅವಳೇ, ಆದರೂ ಹೊಳೆಯಲಿಲ್ಲ. ವರ್ಷಗಟ್ಟಲೆ ಆ ಗೋಡೆಯ ಮೂಲಕ ನೋವು ಈಚೆಯಿಂದ ಆಚೆಗೇ ಹೋಗಿತ್ತು. ಕಾಯಿಲೆ ತನ್ನದು, ಕೊಡುವವಳು ತಾನು, ತೆಗೆದುಕೊಳ್ಳುವವರು ಅವರು, ಹೀಗೇ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ತನ್ನದನ್ನು ತಡೆಯಲು ಕಟ್ಟಿದ ಗೋಡೆ ಅವರದನ್ನೂ ತಡೆಯುತ್ತದೆ ಎಂದು ಅವಳು ಒಂದು ದಿನವೂ ಯೋಚಿಸಿರಲಿಲ್ಲ. ಸತ್ಯ ಹೇಳಬೇಕೆಂದರೆ, ಅವಳ ಜಾಗದಲ್ಲಿ ನಾನಿದ್ದರೂ ಯೋಚಿಸುತ್ತಿರಲಿಲ್ಲ.

ಕಾಫಿಯ ಹೊತ್ತಾದರೂ ಹುಡುಗಿ ಏಳಲಿಲ್ಲವೆಂದು ಕೊಟ್ರಮ್ಮ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ದೂಡಿದಳು. ನಾನು ಗಿರಣಿ ನಿಲ್ಲಿಸಿ ಜರಡಿ ಕೊಡವುತ್ತಿದ್ದೆ. ಎದುರು ಮನೆಯಿಂದ ಕೂಗು ಕೇಳಿಸಿತು. ಊರಿನ ರೂಢಿ ನನ್ನನ್ನು ಬಿಟ್ಟೀತೇ, ಯಾರಪ್ಪಾ ಇದು ನಾಚಿಕೆಗೆಟ್ಟವರು ಎಂದುಕೊಂಡೆ. ಜಗಲಿಗಳ ಮೇಲೆ ಕೂತಿದ್ದವರೂ ಕತ್ತೆತ್ತಿ ನೋಡಿ ಸುಮ್ಮನಾದರು. ಆಮೇಲೆ ಕೊಟ್ರಮ್ಮ ಹೊಸ್ತಿಲು ದಾಟಿ ಬಂದಳು. ಅಂಬೆಗಾಲಿನಲ್ಲಿ ಬಂದಳು. ಮೊನ್ನೆಮೊನ್ನೆ ಡಬ್ಬಿ ಹಿಡಿದು ನಡೆದು ಬಂದಿದ್ದವಳು ರಸ್ತೆಯ ಮಣ್ಣಿನಲ್ಲಿ ಕೈಯೂರಿ ಸೊಂಟವನ್ನು ಎಳೆದುಕೊಂಡು ಬರುತ್ತಿದ್ದಳು, ಸೀರೆಯ ಅಂಚಿನಲ್ಲಿ ರಕ್ತ. ಈ ಹೆಂಗಸಿಗೆ ಯಾವತ್ತೂ ವಾಸಿಯಾಗಿಯೇ ಇರಲಿಲ್ಲ ಎಂಬುದು ನನಗೆ ಮೊದಲು ತಿಳಿಯಿತು, ಒಳಗೆ ಏನಾಗಿದೆ ಎಂಬುದು ಆಮೇಲೆ.

ಆಟೋದಲ್ಲಿ ಹಾಕಿಕೊಂಡು ಹೋದೆವು. ಅನಸೂಯ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು, ತುಂಬು ಕೂದಲು. ಇನ್ನೊಂದು ಗಂಟೆ ಮೊದಲು ಕರೆತಂದಿದ್ದರೆ ನೋಡಬಹುದಿತ್ತು ಎಂದು ನರ್ಸು ಹೇಳಿದಳು. ಆ ಮಾತನ್ನು ಹೇಳದೆಯೂ ಇರಬಹುದಿತ್ತು.

ಮರುದಿನ ಬೆಳಗ್ಗೆ ಗಿರಣಿ ತೆರೆಯುವಷ್ಟರಲ್ಲಿ ಕೇರಿ ತೀರ್ಪು ಕೊಟ್ಟಾಗಿತ್ತು. ಗೋಡೆಯಾಚೆ ಕೊಟ್ರಮ್ಮ ಎಚ್ಚರವಾಗಿಯೇ ಇದ್ದಳು. ಗೋಡೆಯೋ ಹನ್ನೆರಡೂವರೆ, ಅದನ್ನು ಕೊಂಡು ತಂದದ್ದನ್ನು ಎಲ್ಲರೂ ನೋಡಿದ್ದಾರೆ. ಅರ್ಧ ಹೆರಿಗೆ ಬೇನೆ ಮೈಮೇಲೆ ಬಂದರೂ ಕೂತೇ ಇದ್ದಳು. ಹೆರದವಳಿಗೆ ಹೊಟ್ಟೆಕಿಚ್ಚು. ಎಣ್ಣೆಯ ಸುಳ್ಳು ಬೇರೆ. ನಾನು ಸಿಟ್ಟಿನಿಂದ ಯಂತ್ರ ಚಾಲೂ ಮಾಡಿ ಯಾರ ಮಾತೂ ಕೇಳದಂತೆ ಮಾಡಿದೆ, ಆದರೆ ನನ್ನೊಳಗೂ ಅದೇ ಪ್ರಶ್ನೆ ಕೂತಿತ್ತು. ಹಾಲೇಶಿ ಅಕ್ಕನಿಗೆ ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಅವಳು ತಟ್ಟೆ ಮುಟ್ಟುತ್ತಿರಲಿಲ್ಲ. ನಾನು ಹೋಗಿ ತುತ್ತು ಮಾಡಿ ಬಾಯಿಗಿಟ್ಟರೆ ತುಟಿ ಬಿಗಿದುಕೊಳ್ಳುತ್ತಿದ್ದಳು.

ಅನಸೂಯಳನ್ನು ಆಸ್ಪತ್ರೆಯಿಂದ ಕಳಿಸಿದ ಬೆಳಗ್ಗೆ ನಾನು ಅಲ್ಲೇ ಇದ್ದೆ. ಅವಳು ತನ್ನ ಕೋಣೆಗೆ ಹೋಗಲಿಲ್ಲ. ಹಾಲೇಶಿಯ ತೋಳು ಹಿಡಿದುಕೊಂಡು ನೇರ ಕೊಟ್ರಮ್ಮನ ಬಾಗಿಲಿಗೆ ಬಂದು ನಿಂತಳು. ಬಿಳಿಚಿಕೊಂಡಿದ್ದಳು, ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕ, ನಿಮಗೆ ಬರ್ಲಿಲ್ವಾ?" ಎಂದಳು. "ನಾನು ಗ್ವಾಡಿಗೇ ಇದ್ದೆ. ನೀವು ಬರ್ತೀರಿ ಅಂತ ಗ್ವಾಡಿ ಬಿಟ್ಟು ಸರೀಲೇ ಇಲ್ಲ."

ಕೊಟ್ರಮ್ಮ ಆಗ ಸುಮ್ಮನಿರಬಹುದಿತ್ತು. ಕಟುಕಿ ಎನಿಸಿಕೊಂಡು ಬದುಕುವುದೇ ಸುಲಭವಿತ್ತೇನೋ. ನಿಜ ಹೇಳಿದರೆ, ತನ್ನ ಮಗುವಿನ ಸಲುವಾಗಿಯೇ ಎದ್ದ ಗೋಡೆ ತನ್ನ ಮಗುವನ್ನು ತಿಂದಿತು ಎಂದು ಆ ಹುಡುಗಿ ಜೀವಮಾನವಿಡೀ ತಿಳಿದುಕೊಂಡಿರಬೇಕಾಗುತ್ತಿತ್ತು. ಆದರೆ 'ನೀವು ಬರ್ತೀರಿ ಅಂತ' ಎಂಬ ಮಾತನ್ನು ಹಾಗೇ ಬಿಟ್ಟುಬಿಡುವುದು ಕೊಟ್ರಮ್ಮನಿಂದ ಆಗಲಿಲ್ಲ.

"ಬರ್ಲಿಲ್ಲ ಕಣಮ್ಮ," ಎಂದಳು. "ಒಂದಿಷ್ಟೂ ಬರ್ಲಿಲ್ಲ. ನಾನೇ ಈ ಕಡಿಗೆ ಹದಿನೈದು ಎರಡು ಪದರ ಹೊಡೆಸಿಬಿಟ್ಟಿದ್ದೆ. ನಂದು ನಿನ್ನ ಕೂಸಿಗೆ ಹೋಗಬಾರ್ದು ಅಂತ."

ಹಾಲೇಶಿ ಗೋಡೆಯ ಹತ್ತಿರ ಹೋಗಿ ಗೆಣ್ಣಿನಿಂದ ತಟ್ಟಿದ. ಮಂಕಾದ ಸದ್ದು ಬಂತು. ಇನ್ನೊಂದು ಕಡೆ ತಟ್ಟಿದ, ಅಲ್ಲೂ ಹಾಗೇ. ನಾವು ಮೂವರು ಹೆಂಗಸರೂ ಅವನು ಗೋಡೆಯುದ್ದಕ್ಕೂ ತಟ್ಟುತ್ತಾ ಹೋಗುವುದನ್ನು ನೋಡುತ್ತಿದ್ದೆವು. ಆಮೇಲೆ ಅವನು ಅಕ್ಕನ ಕಾಲ ಬಳಿ ಕುಸಿದು ಕೂತು ಅತ್ತ. ಮದುವೆಯಾದ ಗಂಡಸು, ಬಾಯಿಬಿಟ್ಟು, ನಮ್ಮೂರಿನಲ್ಲಿ ಯಾರೂ ಅಳದ ಹಾಗೆ ಅತ್ತ. ಅನಸೂಯ ಅಳಲಿಲ್ಲ. ಕೊಟ್ರಮ್ಮನನ್ನು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅಕ್ಕ ಹಾಕಿದ್ದನ್ನ ತೆಗೀರಿ," ಎಂದಳು ಗಂಡನಿಗೆ. "ನಾವು ತಂದಿದ್ದು ಇರ್ಲಿ."

ಬೇಡವೆಂದು ಕೊಟ್ರಮ್ಮ ಎರಡೂ ಕೈ ಜೋಡಿಸಿದಳು. ಈ ನೋವನ್ನಾದರೂ ನನಗೆ ಪೂರ್ತಿ ಬಿಡು, ನಿನಗೆ ಮೈಯಲ್ಲಿ ರಕ್ತವಿಲ್ಲ, ನೀನು ಯಾಕೆ ಹೊರಬೇಕು ಎಂದು ಬೇಡಿಕೊಂಡಳು. ಅನಸೂಯ ಕಿವಿಯ ಮೇಲೆ ಹಾಕಿಕೊಳ್ಳದೆ ತನ್ನ ಕೋಣೆಗೆ ಹೋದಳು. ಹಾಲೇಶಿ ತಿರುಪುಳಿ, ಉಳಿ ತಂದು ಪುಟ್ಟಿಯನ್ನು ಕೆತ್ತಿ, ಒಂದೊಂದೇ ತಿರುಪನ್ನು ಬಿಚ್ಚತೊಡಗಿದ. ಬರದಿದ್ದ ಕಡೆ ಬೋರ್ಡನ್ನು ಒಡೆದು ಎಳೆದ. ಬಿಳಿ ಪುಡಿ ಎದ್ದು ಮಂಚ, ನೀರಿನ ತಂಬಿಗೆ, ಕೊಟ್ರಮ್ಮನ ತಲೆ ಎಲ್ಲದರ ಮೇಲೆ ಕೂತಿತು. ಕೆಮ್ಮುತ್ತಾ ನಾನು ಚೂರುಗಳನ್ನು ಹೊರಗೆ ಸಾಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ಹನ್ನೆರಡೂವರೆ ಕಂಡಿತು, ಬಣ್ಣವಿಲ್ಲದ ಬೂದು ಹಾಳೆ. ಹಾಲೇಶಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ನಾನು ಕೊಟ್ರಮ್ಮನ ತಲೆಯ ಪುಡಿ ಒರೆಸುತ್ತಿದ್ದೆ. ಅನಸೂಯ ಆಚೆ ಹಾಸಿಗೆಯನ್ನು ಗೋಡೆಯ ಬದಿಗೆ ಎಳೆದುಕೊಂಡ ಸದ್ದು ಕೇಳಿಸಿತು. ಕೊಟ್ರಮ್ಮನ ಹಣೆಯ ಗೆರೆಗಳು ಮೆಲ್ಲಗೆ ಬಿಚ್ಚಿಕೊಂಡವು. ಅಷ್ಟು ತಿಂಗಳ ಮೇಲೆ ಅವಳ ಭಾರದ ಅರ್ಧವನ್ನು ಯಾರೋ ಹೆಗಲಿಗೆ ತೆಗೆದುಕೊಂಡಿದ್ದರು. ಆಚೆಯಿಂದ ಅನಸೂಯ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಇಷ್ಟೊಂದಾ ಅಕ್ಕ?" ಎಂದಳು ಗೋಡೆಯಾಚೆಯಿಂದ. "ಇಷ್ಟೊಂದ್ರಾಗೆ ನಗ್ತಿದ್ರಾ?"

ಕೊಟ್ರಮ್ಮ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕೈ ಎದೆಗೆ ಹೋಯಿತು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೂ. ಮುಖ ಗಾಬರಿಯಾಯಿತು. ಎದೆಯೆರಡೂ ಕಟ್ಟಿಕೊಂಡು ಕಲ್ಲಾಗುತ್ತಿವೆ, ಸೀರೆ ತಾಕಿದರೂ ಉರಿಯುತ್ತಿದೆ, ಇದು ಯಾವ ಹೊಸ ಕಾಯಿಲೆ ದ್ಯಾಮಕ್ಕ ಎಂದು ನನ್ನ ತೋಳು ಹಿಡಿದಳು. ಆ ಕೋಣೆಯಲ್ಲಿ ನಾನೂ ಇದ್ದೆನಲ್ಲ, ಅದು ನನಗೂ ಬಂದಿತ್ತು. ಮೂರು ಹೆತ್ತವಳು ನಾನು, ಬಂದೊಡನೆ ಗುರುತು ಹಿಡಿದೆ.

ಆಚೆಯಿಂದ ಅನಸೂಯಳೇ ಹೇಳಿದಳು, ಮಾರ್ಕೆಟ್ಟಿನ ವಿಷಯ ಹೇಳುವಷ್ಟು ಸಾದಾ ದನಿಯಲ್ಲಿ.

"ಹಾಲು ಅಕ್ಕ. ನಿನ್ನೆಯಿಂದ ಇಳಿದೈತೆ."

ಕೊಟ್ರಮ್ಮ ನನ್ನ ತೋಳು ಬಿಟ್ಟಳು. ಸೊಂಟ ಎಳೆದುಕೊಂಡು ಮಂಚದಿಂದ ಕೆಳಗಿಳಿದ ಅವಳು, ನೆಲದ ಮೇಲಿನ ಬಿಳಿ ಪುಡಿಯಲ್ಲಿ ಸರಿಯುತ್ತಾ ಹೋಗಿ, ಗೋಡೆಗೆ ಎದೆಯೊತ್ತಿ ಕೂತಳು.